ತಂತ್ರಾಂಶ ರೇಡಿಯೋ ಮತ್ತು ನಮ್ಮ ಪ್ರಯೋಗಶಾಲೆಗಳು

1935ರಲ್ಲಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರಸಾರ ಯಂತ್ರವನ್ನು ನಿಲ್ಲಿಸಿ ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. ಮುಂದೆ ಅದು ರಾಷ್ಟ್ರದ ಬಾನುಲಿಗೇ ಹೆಸರಾಯಿತು. ಈ ಸಂಗತಿಯನ್ನು ನಮ್ಮ ನಾಡಿನ ಹೆಮ್ಮೆಯೆಂದು ಸಭೆಗಳಲ್ಲಿ ಹೇಳುವುದುಂಟು. ಆದರೆ ಅದರಲ್ಲಿ ಅಡಗಿರುವ ಇನ್ನೊಂದು ಮಾತನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಆ ಯಂತ್ರವನ್ನು ನಿಲ್ಲಿಸಿದವರು ದೊಡ್ಡ ಕಾರಖಾನೆಯವರಲ್ಲ, ರೇಡಿಯೋ ಶಾಸ್ತ್ರದ ಪಂಡಿತರೂ ಅಲ್ಲ. ಕುತೂಹಲವನ್ನು ಬಿಡದ ಒಬ್ಬ ಕಾಲೇಜು ಅಧ್ಯಾಪಕರು. ಅಂತಹ ಕುತೂಹಲಕ್ಕೆ ಇಂದಿನ ನಮ್ಮ ಭೌತಶಾಸ್ತ್ರದ ತರಗತಿಯಲ್ಲಿ ಎಷ್ಟು ಎಡೆಯಿದೆ ಎಂಬುದೇ ಈ ಲೇಖನದ ಪ್ರಶ್ನೆ.

ಎನ್.ಸಿ.ಇ.ಆರ್.ಟಿ.ಯ ಹನ್ನೆರಡನೆಯ ತರಗತಿಯ ಭೌತಶಾಸ್ತ್ರದ ಪುಸ್ತಕದಲ್ಲಿ ಮೊದಲು ‘ಸಂವಹನ ವ್ಯವಸ್ಥೆಗಳು’ ಎಂಬ ಕೊನೆಯ ಅಧ್ಯಾಯವೊಂದಿತ್ತು. ವಾಹಕ ತರಂಗ, ಆಂಟೆನಾ, ಧ್ವನಿಯನ್ನು ತರಂಗದ ಮೇಲೇರಿಸುವ ವಿಧಾನ ಇವೆಲ್ಲ ಅಲ್ಲಿಯೇ ಬರುತ್ತಿದ್ದವು. 2022ರಲ್ಲಿ ಪಠ್ಯದ ಭಾರವನ್ನು ಇಳಿಸಿದಾಗ ಆ ಅಧ್ಯಾಯವು ಪೂರ್ಣವಾಗಿ ಕೈಬಿಟ್ಟುಹೋಯಿತು. ವಿದ್ಯಾರ್ಥಿಗಳ ಹೊರೆ ತಗ್ಗಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆ ಅಧ್ಯಾಯವನ್ನು ಅನೇಕ ವರ್ಷ ಪಾಠ ಹೇಳಿದವರಾಗಿ ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇವೆ: ಅದು ಬಹುಮಟ್ಟಿಗೆ ಚೌಕಗಳನ್ನು ಬರೆದು ಬಾಣಗಳಿಂದ ಜೋಡಿಸುವ ಪಾಠವಾಗಿತ್ತು. ಹುಡುಗರು ಚೌಕಗಳನ್ನು ಕಂಠಪಾಠ ಮಾಡುತ್ತಿದ್ದರು. ಚೌಕದೊಳಗೆ ಏನು ನಡೆಯುತ್ತದೆಂದು ಕೇಳಿದರೆ ಸುಮ್ಮನಾಗುತ್ತಿದ್ದರು. ಆದುದರಿಂದ ಆ ಅಧ್ಯಾಯವು ಹಾಗೆಯೇ ಮರಳಿ ಬರಲೆಂದು ನಾವು ವಾದಿಸುವವರಲ್ಲ. ನಮ್ಮ ವಾದ ಬೇರೆ. ಚೌಕಗಳ ಒಳಗನ್ನು ತೆರೆದು ತೋರಿಸಬಲ್ಲ ಸಾಧನವೊಂದು ಕೆಲವೇ ಸಾವಿರ ರೂಪಾಯಿಗಳಿಗೆ ದೊರೆಯುತ್ತಿರುವ ಕಾಲದಲ್ಲಿಯೇ ನಾವು ರೇಡಿಯೋವನ್ನು ತರಗತಿಯಿಂದ ಹೊರಗೆ ಕಳುಹಿಸಿದ್ದೇವೆ. ಆ ಸಾಧನದ ಹೆಸರು ತಂತ್ರಾಂಶ ರೇಡಿಯೋ.

ಹಳೆಯ ರೇಡಿಯೋದ ಕ್ರಮವನ್ನು ಮೊದಲು ನೆನೆಯೋಣ. 1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟೆರೊಡೈನ್ ಪದ್ಧತಿಯೇ ಬಹುಕಾಲ ಎಲ್ಲ ರೇಡಿಯೋಗಳ ಬೆನ್ನೆಲುಬಾಗಿತ್ತು. ಆಂಟೆನಾ ತಂದ ತರಂಗಕ್ಕೆ ಯಂತ್ರದೊಳಗೇ ಹುಟ್ಟಿಸಿದ ಇನ್ನೊಂದು ತರಂಗವನ್ನು ಬೆರೆಸಿ, ಎರಡರ ಆವೃತ್ತಿಗಳ ವ್ಯತ್ಯಾಸಕ್ಕೆ ಸಮನಾದ ಹೊಸದೊಂದು ತರಂಗವನ್ನು ಪಡೆಯುವುದು. ಅದನ್ನು ಸೋಸುವುದು, ಹಿಗ್ಗಿಸುವುದು, ಕೊನೆಗೆ ಅದರಿಂದ ಧ್ವನಿಯನ್ನು ಬೇರ್ಪಡಿಸುವುದು. ಒಂದೊಂದು ಕಾರ್ಯಕ್ಕೂ ಒಂದೊಂದು ಭಾಗ ಬೇಕು: ಸುರುಳಿ, ಸಂಧಾರಕ, ಸ್ಫಟಿಕ, ಡಯೋಡು. ಪಾರದ ಏರಿಳಿತದಲ್ಲಿ ಧ್ವನಿಯನ್ನು ಹೊತ್ತ ತರಂಗಕ್ಕೆ ಒಂದು ಬಗೆಯ ಮಂಡಲ, ಆವೃತ್ತಿಯ ಏರಿಳಿತದಲ್ಲಿ ಹೊತ್ತದ್ದಕ್ಕೆ ಇನ್ನೊಂದು ಬಗೆಯದು. ಹೊಸ ವಿಧದ ಪ್ರಸಾರ ಬಂದರೆ ಹೊಸ ಯಂತ್ರವನ್ನೇ ಕೊಳ್ಳಬೇಕು.

ತಂತ್ರಾಂಶ ರೇಡಿಯೋದಲ್ಲಿ ಈ ಭಾಗಗಳಲ್ಲಿ ಹೆಚ್ಚಿನವು ಮಾಯವಾಗುತ್ತವೆ. ಆಂಟೆನಾ ತಂದ ವಿದ್ಯುತ್ತನ್ನು ಆದಷ್ಟು ಬೇಗನೆ ಅಂಕಿಗಳನ್ನಾಗಿ ಪರಿವರ್ತಿಸಿಬಿಡುವುದು, ಉಳಿದ ಕೆಲಸವನ್ನೆಲ್ಲ ಗಣಕಯಂತ್ರದ ಲೆಕ್ಕಕ್ಕೆ ಒಪ್ಪಿಸುವುದು, ಇಷ್ಟೇ ಅದರ ತತ್ತ್ವ. ಸೋಸುವುದೆಂದರೆ ಅಂಕಿಗಳನ್ನು ಗುಣಿಸಿ ಕೂಡುವುದು, ಬೆರೆಸುವುದೆಂದರೆ ಗುಣಾಕಾರ. ಅಮೆರಿಕದ ಜೋಸೆಫ್ ಮಿಟೋಲಾ 1992ರ ತಮ್ಮ ಪ್ರಬಂಧದಲ್ಲಿ ಈ ವಿಚಾರವನ್ನು ‘ಸಾಫ್ಟ್‌ವೇರ್ ರೇಡಿಯೋ’ ಎಂಬ ಹೆಸರಿನಿಂದ ವಿದ್ವಾಂಸರ ಮುಂದಿಟ್ಟರು. 2001ರಲ್ಲಿ ಎರಿಕ್ ಬ್ಲಾಸಮ್ ಆರಂಭಿಸಿದ ‘ಗ್ನೂ ರೇಡಿಯೋ’ ಎಂಬ ಕ್ರಮವಿಧಿಗಳ ಸಮೂಹವು ಈ ಲೆಕ್ಕಗಳನ್ನು ಯಾರು ಬೇಕಾದರೂ ಓದಿ ತಿದ್ದಿ ಬಳಸುವಂತೆ ಮುಕ್ತವಾಗಿ ದೊರಕಿಸಿಕೊಟ್ಟಿತು. ಆದರೂ ಆಗಿನ ಯಂತ್ರಭಾಗಗಳ ಬೆಲೆ ಸಂಶೋಧನಾಲಯಗಳಿಗಷ್ಟೇ ಎಟುಕುವಂತಿತ್ತು.

2012ರಲ್ಲಿ ಈ ಪರಿಸ್ಥಿತಿ ಬದಲಾಯಿಸಿತು. ಯೂರೋಪಿನ ಅಂಕೀಯ ದೂರದರ್ಶನವನ್ನು ಗಣಕಯಂತ್ರದಲ್ಲಿ ನೋಡುವುದಕ್ಕೆಂದು ಹೆಬ್ಬೆರಳಿನಷ್ಟು ಉದ್ದದ ಒಂದು ಉಪಕರಣ ಮಾರಾಟವಾಗುತ್ತಿತ್ತು. ಅದರೊಳಗೆ ‘ಆರ್‌ಟಿಎಲ್ 2832ಯು’ ಎಂಬ ಚಿಪ್ಪು. ಫಿನ್ಲೆಂಡಿನ ಆಂಟಿ ಪಾಲೋಸಾರಿ ಮೊದಲಾದ ಉತ್ಸಾಹಿಗಳು ಕಂಡುಕೊಂಡದ್ದೇನೆಂದರೆ, ಈ ಚಿಪ್ಪು ಚಿತ್ರವನ್ನಷ್ಟೇ ಅಲ್ಲ, ತಾನು ಹಿಡಿದ ಕಚ್ಚಾ ಅಂಕಿಗಳನ್ನೂ ಹೊರಕ್ಕೆ ಹರಿಸಬಲ್ಲುದು ಎಂಬುದು. ದೂರದರ್ಶನದ ಆಟಿಕೆಯು ಆ ಕ್ಷಣದಿಂದ ವಿಜ್ಞಾನದ ಉಪಕರಣವಾಯಿತು. ‘ಆರ್820ಟಿ’ ಎಂಬ ಶ್ರುತಿಕಾರಕ ಚಿಪ್ಪನ್ನು ಹೊಂದಿದ ಮಾದರಿಯು ಸುಮಾರು 24 ಮೆಗಾಹರ್ಟ್ಸ್‌ನಿಂದ 1,766 ಮೆಗಾಹರ್ಟ್ಸ್‌ವರೆಗಿನ ತರಂಗಗಳನ್ನು ಹಿಡಿಯಬಲ್ಲುದು. ಒಮ್ಮೆಗೆ ಸುಮಾರು 2.4 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ಗಣಕಯಂತ್ರಕ್ಕೆ ಒಪ್ಪಿಸಬಲ್ಲುದು.

ಇದು ನಡೆಯುವ ಬಗೆಯನ್ನು ಪ್ರೌಢಶಾಲೆಯ ತ್ರಿಕೋಣಮಿತಿಯಿಂದಲೇ ತಿಳಿಯಬಹುದು. ಒಂದು ತರಂಗದ ಬೆಲೆಯನ್ನು ಕ್ಷಣಕ್ಷಣಕ್ಕೂ ಅಳೆದು ಅಂಕಿಗಳಾಗಿ ಬರೆಯುತ್ತ ಹೋದರೆ, ಆ ಅಂಕಿಗಳಿಂದ ತರಂಗವನ್ನು ಮತ್ತೆ ಕಟ್ಟಬಹುದೆ? ಕಟ್ಟಬಹುದು, ಆದರೆ ತರಂಗದಲ್ಲಿರುವ ಅತ್ಯುಚ್ಚ ಆವೃತ್ತಿಯ ಇಮ್ಮಡಿಗಿಂತ ಹೆಚ್ಚು ಸಲ ಅಳೆದಿರಬೇಕು. 1928ರಲ್ಲಿ ಹ್ಯಾರಿ ನೈಕ್ವಿಸ್ಟ್, 1949ರಲ್ಲಿ ಕ್ಲಾಡ್ ಶಾನನ್ ಪ್ರಕಟಿಸಿದ ಬರಹಗಳ ಆಧಾರದ ಮೇಲೆ ನಿಂತ ನಿಯಮವಿದು. ನಮ್ಮ ಪುಟ್ಟ ಉಪಕರಣದಲ್ಲಿ ಶ್ರುತಿಕಾರಕವು ಬೇಕಾದ ಪಟ್ಟಿಯನ್ನು ಕೆಳಗಿನ ಆವೃತ್ತಿಗೆ ಇಳಿಸುತ್ತದೆ. ಪರಿವರ್ತಕವು ಅದನ್ನು ಸೆಕೆಂಡಿಗೆ 2 ಕೋಟಿ 88 ಲಕ್ಷ ಸಲ ಅಳೆಯುತ್ತದೆ. ಚಿಪ್ಪಿನೊಳಗಿನ ಅಂಕಗಣಿತವು ಈ ಪ್ರವಾಹವನ್ನು ಹನ್ನೆರಡರಲ್ಲಿ ಒಂದಂಶಕ್ಕೆ ಇಳಿಸಿ, ಸೆಕೆಂಡಿಗೆ 24 ಲಕ್ಷ ಜೋಡಿ ಅಂಕಿಗಳಾಗಿ ಕಳುಹಿಸುತ್ತದೆ.

ಜೋಡಿ ಏತಕ್ಕೆ? ಒಂದೇ ಸಾಲಿನ ಅಂಕಿಗಳಿದ್ದರೆ, ನಾವು ಶ್ರುತಿ ಮಾಡಿದ ಕೇಂದ್ರ ಆವೃತ್ತಿಗಿಂತ ತರಂಗವು ಮೇಲಿದೆಯೋ ಕೆಳಗಿದೆಯೋ ತಿಳಿಯುವಂತಿಲ್ಲ. ಗಾಲಿಯೊಂದು ತಿರುಗುವುದನ್ನು ಅದರ ಅಂಚಿನ ನೇರದಿಂದ ನೋಡುವವನಿಗೆ, ಗಾಲಿಗೆ ಬಳಿದ ಚುಕ್ಕೆಯೊಂದು ಮೇಲೆ ಕೆಳಗೆ ಆಡುವುದಷ್ಟೇ ಕಾಣುತ್ತದೆ. ಗಾಲಿ ಎತ್ತ ತಿರುಗುತ್ತಿದೆಯೆಂದು ಹೇಳಲಾರ. ಮೇಲಿನಿಂದಲೂ ಒಬ್ಬನು ನೋಡಿ, ಇಬ್ಬರೂ ಕಂಡದ್ದನ್ನು ಕೂಡಿಸಿದರೆ ತಿರುಗುವ ದಿಕ್ಕು ತಿಳಿದುಹೋಗುತ್ತದೆ. ಹಾಗೆಯೇ 90 ಡಿಗ್ರಿ ಪ್ರಾವಸ್ಥೆಯ ಅಂತರವುಳ್ಳ ಎರಡು ಅಂಕಿಗಳು ಸಿಕ್ಕಿದರೆ, ಒಂದು ಅಡ್ಡ ಅಕ್ಷದ ಮೇಲೆ, ಮತ್ತೊಂದು ಲಂಬ ಅಕ್ಷದ ಮೇಲೆ ಗುರುತಿಸಿ, ತರಂಗವನ್ನು ಸಮತಲದಲ್ಲಿ ತಿರುಗುವ ಒಂದು ಬಾಣವಾಗಿ ಕಾಣಬಹುದು.

ಈ ಬಾಣ ಕೈಗೆ ಬಂದ ಮೇಲೆ ಉಳಿದದ್ದು ಸುಲಭ. ಅದರ ಉದ್ದವೇ ತರಂಗದ ಪಾರ. ಜೋಡಿಯು 3 ಮತ್ತು 4 ಆಗಿದ್ದರೆ, ಪೈಥಾಗೊರಸನ ಪ್ರಮೇಯದಂತೆ ಉದ್ದ 5. ಪ್ರತಿಯೊಂದು ಜೋಡಿಗೂ ಹೀಗೆ ಉದ್ದವನ್ನು ತೆಗೆದರೆ ಪಾರದಲ್ಲಿ ಹುದುಗಿದ್ದ ಧ್ವನಿ ಹೊರಬಿತ್ತು. ಡಯೋಡಿನ ಕೆಲಸವನ್ನು ವರ್ಗಮೂಲವೇ ಮಾಡಿತು. ಎಫ್.ಎಂ. ಪ್ರಸಾರವಾದರೆ ಬಾಣದ ಕೋನವನ್ನು ನೋಡಬೇಕು. ಸೆಕೆಂಡಿಗೆ 2,40,000 ಜೋಡಿಗಳಿರುವಾಗ, ಒಂದು ಜೋಡಿಯಿಂದ ಮುಂದಿನ ಜೋಡಿಗೆ ಬಾಣವು 90 ಡಿಗ್ರಿ, ಎಂದರೆ ಕಾಲು ಸುತ್ತು, ತಿರುಗಿದರೆ, ಆ ಕ್ಷಣದಲ್ಲಿ ತರಂಗವು ಕೇಂದ್ರಕ್ಕಿಂತ 60,000 ಹರ್ಟ್ಸ್ ಮೇಲಿದೆ ಎಂದರ್ಥ. ಈ ಕೋನದ ವ್ಯತ್ಯಾಸಗಳನ್ನೇ ಸೋಸಿ ಧ್ವನಿವರ್ಧಕಕ್ಕೆ ಕೊಟ್ಟರೆ ಬೆಂಗಳೂರಿನ 101.3 ಮೆಗಾಹರ್ಟ್ಸ್‌ನ ಆಕಾಶವಾಣಿ ಮಾತನಾಡುತ್ತದೆ. ಹತ್ತು ಹನ್ನೆರಡು ಸಾಲುಗಳ ಕ್ರಮವಿಧಿ ಸಾಕು. ತ್ರಿಕೋಣಮಿತಿಯಿಂದ ಸಂಗೀತ ಹೊರಡುವುದನ್ನು ಮೊದಲ ಸಲ ಕೇಳಿದ ವಿದ್ಯಾರ್ಥಿಯ ಮುಖವನ್ನು ನೋಡಿದ ಅಧ್ಯಾಪಕರಾರೂ, ಗಣಿತ ಏತಕ್ಕೆಂಬ ಪ್ರಶ್ನೆಗೆ ಬೇರೆ ಉತ್ತರವನ್ನು ಹುಡುಕಲಾರರು.

ಲೆಕ್ಕವನ್ನು ಬದಲಿಸಿದರೆ ಯಂತ್ರವೇ ಬದಲಾಗುತ್ತದೆಂಬುದು ಎಷ್ಟು ದೊಡ್ಡ ಮಾತೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ. 1978ರಲ್ಲಿ ಅಮೆರಿಕ ಹಾರಿಸಿದ ಐ.ಎಸ್.ಇ.ಇ.-3 ಎಂಬ ನೌಕೆಯು ಸೌರಮಾರುತವನ್ನು ಅಭ್ಯಸಿಸಿ, 1985ರಲ್ಲಿ ಜಕೋಬಿನಿ–ಝಿನ್ನರ್ ಧೂಮಕೇತುವಿನ ಬಾಲವನ್ನು ಹಾದುಹೋಯಿತು. ಅದರೊಡನೆ ಮಾತನಾಡಬಲ್ಲ ಹಳೆಯ ಪ್ರೇಷಕಗಳನ್ನು 1999ರಲ್ಲಿ ಕಳಚಿಹಾಕಲಾಯಿತು. ನೌಕೆ ಇನ್ನೂ ಉಸಿರಾಡುತ್ತಿತ್ತು. ಅದರ ಭಾಷೆಯನ್ನಾಡುವ ಯಂತ್ರ ಮಾತ್ರ ಭೂಮಿಯ ಮೇಲಿರಲಿಲ್ಲ. 2014ರಲ್ಲಿ ಸಾರ್ವಜನಿಕರ ಚಂದಾಹಣದಿಂದ ಕೂಡಿದ ಒಂದು ಚಿಕ್ಕ ತಂಡವು, ಕಳಚಿಹೋದ ಯಂತ್ರವನ್ನು ಮತ್ತೆ ಕಟ್ಟುವ ಬದಲು, ಅದರ ಕೆಲಸವನ್ನೆಲ್ಲ ತಂತ್ರಾಂಶವಾಗಿ ಬರೆಯಿತು. ಪೋರ್ಟೊ ರಿಕೋದ ಅರೆಸಿಬೊದಲ್ಲಿ ಆಗ ಇದ್ದ 305 ಮೀಟರ್ ವ್ಯಾಸದ ದೂರದರ್ಶಕಕ್ಕೆ ತಂತ್ರಾಂಶ ರೇಡಿಯೋವನ್ನು ಜೋಡಿಸಿ ಆ ವರ್ಷದ ಮೇ ತಿಂಗಳಲ್ಲಿ ನೌಕೆಗೆ ಆಜ್ಞೆ ಕಳುಹಿಸಿದರು. ನೌಕೆ ಉತ್ತರ ಕೊಟ್ಟಿತು. ಜುಲೈಯಲ್ಲಿ ಅದರ ನೂಕುಯಂತ್ರಗಳು ಕೈಕೊಟ್ಟು ಪಥವನ್ನು ಬದಲಿಸಲಾಗಲಿಲ್ಲ, ನಿಜ. ಆದರೆ ಸೋತದ್ದು ನೌಕೆಯ ಹಳೆಯ ಕೊಳಾಯಿಗಳು, ರೇಡಿಯೋ ಅಲ್ಲ.

ಎರಡನೆಯದು ವಿದ್ಯಾರ್ಥಿಗಳಿಗೆ ಇನ್ನೂ ಹತ್ತಿರದ್ದು. ನೋವಾ 15, 18, 19 ಎಂಬ ಹವಾಮಾನ ಉಪಗ್ರಹಗಳು ಬಹುವರ್ಷ 137 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೋಡಗಳ ಚಿತ್ರಗಳನ್ನು ಬಿತ್ತರಿಸುತ್ತಿದ್ದವು. ಎರಡು ಲೋಹದ ಕಡ್ಡಿಗಳ ಆಂಟೆನಾ, ಈ ಪುಟ್ಟ ಉಪಕರಣ, ಇಷ್ಟಿದ್ದರೆ ಮನೆಯ ಮಾಳಿಗೆಯಿಂದಲೇ ಅರಬ್ಬೀ ಸಮುದ್ರದ ಮೇಲಣ ಮೋಡವನ್ನು ಕಾಣಬಹುದಾಗಿತ್ತು. 2025ರಲ್ಲಿ ಈ ಮೂರೂ ಉಪಗ್ರಹಗಳು ನಿವೃತ್ತವಾದವು. ಹಳೆಯ ಬಗೆಯ ಗ್ರಾಹಕವನ್ನು ಕಟ್ಟಿಕೊಂಡವರಿಗೆ ಅದು ಅಂದಿನಿಂದ ಅಲಂಕಾರದ ವಸ್ತು. ಆದರೆ ರಷ್ಯವು 2023ರಲ್ಲಿಯೂ 2024ರಲ್ಲಿಯೂ ಹಾರಿಸಿದ ಮೆಟಿಯೋರ್ ಉಪಗ್ರಹಗಳು ಅದೇ ಪಟ್ಟಿಯಲ್ಲಿ, ಸಂಪೂರ್ಣ ಬೇರೆಯಾದ ಅಂಕೀಯ ವಿಧಾನದಲ್ಲಿ ಚಿತ್ರ ಕಳುಹಿಸುವಂತೆ ರಚಿತವಾದವು. ಅವನ್ನು ಹಿಡಿಯಲು ತಂತ್ರಾಂಶ ರೇಡಿಯೋ ಉಳ್ಳವನು ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಅದೇ ಕಡ್ಡಿ, ಅದೇ ಉಪಕರಣ, ಕ್ರಮವಿಧಿಯೊಂದೇ ಬೇರೆ. ಉಪಗ್ರಹವು ಸಮೀಪಿಸಿ ದೂರವಾಗುವಾಗ ಅದರ ಆವೃತ್ತಿ ಕೇಂದ್ರದಿಂದ ಸುಮಾರು 3 ಕಿಲೋಹರ್ಟ್ಸ್‌ವರೆಗೆ ಮೇಲಿಂದ ಕೆಳಗೆ ಜಾರುವುದನ್ನೂ ತೆರೆಯ ಮೇಲೆ ಕಾಣಬಹುದು. ರೈಲಿನ ಸೀಟಿಯ ಉದಾಹರಣೆಯಲ್ಲೇ ನಿಂತುಹೋಗಿದ್ದ ಡಾಪ್ಲರ್ ಪರಿಣಾಮವನ್ನು ಇದರಿಂದ ಅಳೆದು, ಉಪಗ್ರಹದ ವೇಗವನ್ನೇ ಲೆಕ್ಕ ಹಾಕಬಹುದು.

ದೊಡ್ಡ ವಿಜ್ಞಾನವೂ ಇದೇ ದಾರಿಯಲ್ಲಿದೆ. ಪುಣೆಯ ಬಳಿಯ ನಾರಾಯಣಗಾಂವ್‌ನಲ್ಲಿ 45 ಮೀಟರ್ ವ್ಯಾಸದ 30 ಆಂಟೆನಾಗಳಿಂದ ಕೂಡಿದ ಬೃಹತ್ ಮೀಟರ್‌ತರಂಗ ದೂರದರ್ಶಕದಲ್ಲಿ, ಮೊದಲು ವಿಶೇಷ ಮಂಡಲಗಳು ಮಾಡುತ್ತಿದ್ದ ಕೆಲಸವನ್ನು 2010ರ ಸುಮಾರಿಗೆ ಗಣಕಯಂತ್ರಗಳ ಸಮೂಹದ ತಂತ್ರಾಂಶವು ವಹಿಸಿಕೊಂಡಿತು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ, ಸಾವಿರ ದ್ವಿಧ್ರುವಗಳನ್ನು ‘ಟಿ’ ಆಕಾರದಲ್ಲಿ ಹರಡಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದ ದೂರದರ್ಶಕವನ್ನು ನಮ್ಮವರೇ ಕಟ್ಟಿದರು. ಅಂತಹ ನಾಡಿನ ವಿದ್ಯಾರ್ಥಿ ಒಂದು ತಂತಿಯನ್ನಾದರೂ ತಾನೇ ಅಳೆದು ಕತ್ತರಿಸಿ ಆಂಟೆನಾ ಮಾಡದೆ ಪದವಿ ಪಡೆಯುವುದು ಉಚಿತವೆ?

ಇಷ್ಟು ಹೊಗಳಿದ ಮೇಲೆ ಈ ಉಪಕರಣದ ಮಿತಿಗಳನ್ನೂ ಹೇಳದಿದ್ದರೆ ನಾವು ವ್ಯಾಪಾರಿಗಳ ಸಾಲಿಗೆ ಸೇರುತ್ತೇವೆ. ಇದು ಪ್ರತಿಯೊಂದು ಬೆಲೆಯನ್ನೂ ಎಂಟು ಬಿಟ್‌ಗಳಲ್ಲಿ, ಎಂದರೆ ಕೇವಲ 256 ಮೆಟ್ಟಿಲುಗಳಲ್ಲಿ ಅಳೆಯುತ್ತದೆ. ಪಕ್ಕದಲ್ಲಿಯೇ ಪ್ರಬಲ ಕೇಂದ್ರವೊಂದಿದ್ದರೆ ಕ್ಷೀಣವಾದ ಸಂಕೇತವು ಮೊದಲ ಮೆಟ್ಟಿಲನ್ನೂ ಮುಟ್ಟದೆ ಹೋಗಬಹುದು. ವರ್ಧನೆಯನ್ನು ಅತಿಯಾಗಿ ಏರಿಸಿದರೆ, ಇಲ್ಲದ ಕಡೆಗಳಲ್ಲೆಲ್ಲ ಎಫ್.ಎಂ. ಕೇಂದ್ರಗಳ ಭೂತಗಳು ಕಾಣಿಸಿಕೊಳ್ಳುತ್ತವೆ. ಮಧ್ಯತರಂಗದ ಪ್ರಸಾರವು ಇದರ ವ್ಯಾಪ್ತಿಗಿಂತ ಕೆಳಗಿದೆ. ಇದು ಕೇಳಬಲ್ಲುದೇ ಹೊರತು ಹೇಳಲಾರದು. ಪ್ರಸಾರವನ್ನೂ ಮಾಡಬಲ್ಲ ಹ್ಯಾಕ್‌ಆರ್‌ಎಫ್ ಮೊದಲಾದ ಉಪಕರಣಗಳ ಬೆಲೆ ಬಹಳ ಹೆಚ್ಚು.

ಆದರೆ ಮಿತಿಗಳೇ ಪಾಠವಾಗುವುದನ್ನೂ ನಾವು ಕಂಡಿದ್ದೇವೆ. ನಮ್ಮ ಪ್ರಯೋಗಶಾಲೆಯಲ್ಲಿ ಒಮ್ಮೆ ಮೂವರು ವಿದ್ಯಾರ್ಥಿಗಳು 144 ಮೆಗಾಹರ್ಟ್ಸ್‌ನಲ್ಲಿ ನಿಶ್ಚಲವಾದ ಒಂದು ಗೆರೆಯನ್ನು ಕಂಡು ಹಿಗ್ಗಿದರು. ಯಾವುದೋ ಗುಪ್ತ ಪ್ರೇಷಕವೆಂದು ಒಬ್ಬನು, ಉಪಗ್ರಹವೆಂದು ಇನ್ನೊಬ್ಬನು. ಆಂಟೆನಾವನ್ನು ಕಳಚಿ ನೋಡಿರೆಂದು ನಾವು ಹೇಳಿದೆವು. ಕಳಚಿದರು, ಗೆರೆ ಹೋಗಲಿಲ್ಲ. ಅವರ ಸಪ್ಪೆ ಮೋರೆ ಒಂದು ದಿನವೆಲ್ಲ ಹಾಗೆಯೇ ಇತ್ತು. ಮರುದಿನ ಅವರಲ್ಲಿ ಒಬ್ಬಳು 115.2 ಮತ್ತು 172.8ರಲ್ಲಿಯೂ ಅಂಥವೇ ಗೆರೆಗಳನ್ನು ಹುಡುಕಿ ತಂದು, ಮೂರನ್ನೂ 28.8ರಿಂದ ಭಾಗಿಸಿ ತೋರಿಸಿದಳು: ಐದು, ನಾಲ್ಕು, ಆರು. ಉಪಕರಣದೊಳಗಿನ ಸ್ಫಟಿಕವು ಕಂಪಿಸುವುದು 28.8 ಮೆಗಾಹರ್ಟ್ಸ್‌ನಲ್ಲಿ, ಅದರ ಗುಣಿತಗಳನ್ನೇ ಅದು ತಾನಾಗಿ ಕೇಳಿಸಿಕೊಳ್ಳುತ್ತಿತ್ತು. ಕಂಡದ್ದೆಲ್ಲ ಹೊರಗಿನದಲ್ಲ, ಅಳೆಯುವ ಉಪಕರಣವೂ ಅಳತೆಯೊಳಗೆ ಬರುತ್ತದೆ ಎಂಬ ಈ ಪಾಠವನ್ನು ನಾವು ಎಷ್ಟು ಉಪನ್ಯಾಸಗಳಿಂದ ಕಲಿಸಬಹುದಾಗಿತ್ತು?

ಹಿರಿಯ ಸಹೋದ್ಯೋಗಿಗಳು ಒಂದು ಆಕ್ಷೇಪವನ್ನು ಎತ್ತುತ್ತಾರೆ. ಸುರುಳಿ ಸುತ್ತಿ, ಬೆಸುಗೆ ಹಾಕಿ, ಕೈ ಸುಟ್ಟುಕೊಂಡು ರೇಡಿಯೋ ಕಟ್ಟಿದವನಿಗೆ ತಿಳಿಯುವುದು ಪರದೆಯ ಮೇಲೆ ಬಣ್ಣ ನೋಡುವವನಿಗೆ ತಿಳಿಯುವುದಿಲ್ಲ, ಎಂದು. ಇದರಲ್ಲಿ ಸತ್ಯವಿದೆ. ಸಿದ್ಧ ಕ್ರಮವಿಧಿಯನ್ನು ಇಳಿಸಿಕೊಂಡು ಗುಂಡಿ ಒತ್ತುವವನು, ಅಂಗಡಿಯ ರೇಡಿಯೋವನ್ನು ತಿರುಗಿಸುವವನಿಗಿಂತ ಹೆಚ್ಚಿನದೇನನ್ನೂ ಕಲಿತಿಲ್ಲ. ಆದರೆ ಇಂದಿನ ರೇಡಿಯೋಗಳೆಲ್ಲ ಮುಚ್ಚಿದ ಚಿಪ್ಪುಗಳು. ಅವನ್ನು ಒಡೆದರೆ ಕಾಣುವುದೇನೂ ಇಲ್ಲ. ತಂತ್ರಾಂಶ ರೇಡಿಯೋದಲ್ಲಾದರೋ ಪ್ರತಿಯೊಂದು ಹಂತವೂ ಓದಬಹುದಾದ ಒಂದು ಸಾಲು. ಅದನ್ನು ಅಳಿಸಿ, ಕೆಡಿಸಿ, ಏನಾಗುತ್ತದೆಂದು ನೋಡಬಹುದು. ದೋಷವಿರುವುದು ಉಪಕರಣದಲ್ಲಲ್ಲ, ಅದನ್ನು ಬಳಸುವ ಕ್ರಮದಲ್ಲಿ.

ಆದುದರಿಂದ ಕ್ರಮವೊಂದನ್ನು ಸೂಚಿಸುತ್ತೇವೆ. ಹತ್ತಿರದಲ್ಲಿ ಮಧ್ಯತರಂಗದ ಕೇಂದ್ರವಿರುವ ಊರುಗಳಲ್ಲಿ ಮೊದಲು ಸುರುಳಿ, ಡಯೋಡು, ಕಿವಿಗವಸುಗಳ ಸರಳ ಗ್ರಾಹಕವನ್ನು ಕಟ್ಟಲಿ. ವಿದ್ಯುತ್ತಿನ ಹಂಗಿಲ್ಲದೆ ಧ್ವನಿ ಬರುವುದನ್ನು ಕೇಳಲಿ. ತರುವಾಯ ಆಂಟೆನಾ: 101.3 ಮೆಗಾಹರ್ಟ್ಸ್‌ಗೆ ತರಂಗದೂರ 2.96 ಮೀಟರ್, ಅದರ ಕಾಲುಭಾಗ 74 ಸೆಂಟಿಮೀಟರ್. ತಂತಿಯನ್ನು ಈ ಲೆಕ್ಕದಂತೆ ಕತ್ತರಿಸಿ, ಅಡ್ಡವಾಗಿ, ನೆಟ್ಟಗೆ ಹಿಡಿದು ಸಂಕೇತದ ಬಲ ಬದಲಾಗುವುದನ್ನು ಅಳೆಯಲಿ. ಅನಂತರ ಪಾರವನ್ನೂ ಕೋನವನ್ನೂ ತೆಗೆಯುವ ಕ್ರಮವಿಧಿಯನ್ನು ತಾವೇ ಬರೆಯಲಿ. ಸಿದ್ಧ ಕ್ರಮವಿಧಿಗಳು ಆಮೇಲೆ ಬರಲಿ. ಪದವಿ ತರಗತಿಯವರು ಇನ್ನೂ ಮುಂದೆ ಹೋಗಬಹುದು. ವಾನ್ ಡೆ ಹುಲ್ಸ್ಟ್ 1944ರಲ್ಲಿ ಊಹಿಸಿ, 1951ರಲ್ಲಿ ಯೂಯೆನ್ ಮತ್ತು ಪರ್ಸೆಲ್ ಮೊದಲು ಹಿಡಿದ, 1420.4 ಮೆಗಾಹರ್ಟ್ಸ್‌ನ ಜಲಜನಕದ ರೇಖೆಯು ಈ ಉಪಕರಣದ ವ್ಯಾಪ್ತಿಯೊಳಗೇ ಇದೆ. ಒಳ್ಳೆಯ ವರ್ಧಕವೂ ಶೋಧಕವೂ ಬೇಕು, ತಗಡಿನ ಕಹಳೆಯೊಂದು ಬೇಕು, ಜೊತೆಗೆ ನಿಮಿಷಗಟ್ಟಲೆ ಸರಾಸರಿ ತೆಗೆಯುವ ತಾಳ್ಮೆ ಬೇಕು. ಅಳತೆಗಳ ಸಂಖ್ಯೆ ನೂರ್ಮಡಿಯಾದರೆ ಗದ್ದಲದ ಏರುಪೇರು ಹತ್ತರಲ್ಲೊಂದಾಗುತ್ತದೆ; ಗದ್ದಲದಡಿಯಲ್ಲಿ ಹೂತಿದ್ದ ಆಕಾಶಗಂಗೆಯ ಜಲಜನಕವು ಹೀಗೆ ಮೆಲ್ಲನೆ ತಲೆಯೆತ್ತುತ್ತದೆ.

ಇನ್ನೊಂದು ಆಕ್ಷೇಪವು ಆಡಳಿತದವರದು: ಇದು ಕದ್ದು ಕೇಳುವ ಸಾಧನವಾಗಲಾರದೆ? ಆಗಬಹುದು, ಬಾಗಿಲಿಗೆ ಕಿವಿಯಿಟ್ಟು ಕೇಳುವವನಿಗೆ ಸಾಧನವೇ ಬೇಡ. ಸಾರ್ವಜನಿಕರಿಗಾಗಿ ಬಿತ್ತರಿಸಿದ್ದನ್ನು ಮಾತ್ರ ಕೇಳಬೇಕು, ಅನ್ಯರ ಖಾಸಗಿ ಮಾತಿಗೆ ಕಿವಿಗೊಡಬಾರದು, ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಈ ಮಾತುಗಳನ್ನು ಪ್ರಯೋಗದ ಮೊದಲ ದಿನವೇ ಹೇಳಬೇಕು, ಅದರ ಕಾರಣವನ್ನೂ ತಿಳಿಸಬೇಕು. ಪ್ರಸಾರದಲ್ಲಿ ಆಸಕ್ತಿಯುಳ್ಳವರು ಹವ್ಯಾಸಿ ರೇಡಿಯೋ ಪರೀಕ್ಷೆಯನ್ನು ಕೊಟ್ಟು ಪರವಾನಗಿ ಪಡೆಯಲಿ. ತರಂಗಪಟ್ಟಿ ಎಲ್ಲರ ಆಸ್ತಿ ಎಂಬ ಪೌರಪ್ರಜ್ಞೆಯೂ ಭೌತಶಾಸ್ತ್ರದ ಪಾಠದಿಂದ ಬರಬಹುದು.

ಉಳಿದ ಆಕ್ಷೇಪವೇ ಎಲ್ಲಕ್ಕಿಂತ ಕಠಿಣ: ಪರೀಕ್ಷೆಯಲ್ಲಿ ಬಾರದ್ದನ್ನು ಯಾರು ಮಾಡುತ್ತಾರೆ? ಇದಕ್ಕೆ ನಮ್ಮಲ್ಲಿ ಚತುರವಾದ ಉತ್ತರವಿಲ್ಲ. ಪಠ್ಯಕ್ರಮವನ್ನು ರಚಿಸುವವರಲ್ಲಿ ನಾವು ಬೇಡುವುದು ದೊಡ್ಡದಲ್ಲ. ಪದವಿಪೂರ್ವ ತರಗತಿಯಲ್ಲಿ ಒಂದು ಪ್ರಯೋಗ, ಪದವಿ ತರಗತಿಯಲ್ಲಿ ಮೂರು. ನಾಲ್ಕು ವಿದ್ಯಾರ್ಥಿಗಳಿಗೆ ಒಂದು ಉಪಕರಣ. ಬಹುಪಾಲು ಕಾಲೇಜುಗಳಲ್ಲಿ ಗಣಕಯಂತ್ರಗಳು ಈಗಾಗಲೇ ಇವೆ. ಅಲ್ಲಿಯವರೆಗೆ ಕಾಯಲಾರದ ವಿದ್ಯಾರ್ಥಿಗಳು ನಾಲ್ವರು ಸೇರಿ ಹಣ ಹಾಕಿ ಒಂದನ್ನು ಕೊಳ್ಳಲಿ. ಮಾಳಿಗೆಯ ಮೇಲೆ ಒಂದು ತಂತಿ ಕಟ್ಟಲಿ. ತಿಳಿಯದ ಗೆರೆಯೊಂದು ತೆರೆಯ ಮೇಲೆ ಕಂಡಾಗ ಮೊದಲು ಆಂಟೆನಾವನ್ನು ಕಳಚಿ ನೋಡಲಿ. ಗೆರೆ ಆಗ ಮಾಯವಾದರೆ ನಮಗೆ ಬರೆದು ತಿಳಿಸಲಿ. ಅದು ಏನೆಂದು ಅವರೊಡನೆ ಕೂಡಿ ಹುಡುಕಲು ನಾವೂ ಸಿದ್ಧರಿದ್ದೇವೆ.